ಕಡಲ ಟ್ಯಾಂಕಿಗೆ ಕರೆಯದೆ ಬಂದವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳೂರು, ಉಡುಪಿ ಕಡೆಯವು. ಎಲ್ಲರ ಗೋಳೂ ಒಂದೇ: ಹವಳದ ಟ್ಯಾಂಕಿನಲ್ಲಿ ತಾವು ತಂದು ಬಿಡದ ಜೀವಿಯೊಂದು ಕಾಣಿಸಿಕೊಂಡಿದೆ, ಏನು ಹಾಕಿ ಕೊಲ್ಲಬೇಕು? ಒಂದು ಜೀವಿಗೆ ಹೇಳಿದ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಕೆಲವಕ್ಕೆ ಮದ್ದೇ ಬೇಡ. ಹಾಗಾಗಿ ಪ್ರತಿ ಉತ್ತರದಲ್ಲೂ ಮೊದಲು ಗುರುತು, ಆಮೇಲೆ ಮದ್ದು.

ನಮ್ಮ 200 ಲೀಟರ್ ರೀಫ್ (ಹವಳದ) ಟ್ಯಾಂಕಿನ ಕಲ್ಲಿನ ಮೇಲೆ ಪುಟ್ಟ ಹೂವಿನಂಥ ಎರಡು ಕಂದು ಜೀವಿಗಳು ಎದ್ದಿದ್ದವು. ಚಾಕುವಿನಿಂದ ಕೆರೆದು ತೆಗೆದೆವು. ಈಗ ಅದೇ ಜಾಗದ ಸುತ್ತ ಹತ್ತಾರು ಹುಟ್ಟಿವೆ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಹಾಕಿದರೆ ಸಾಯುತ್ತವೆ ಎನ್ನುತ್ತಾರೆ, ನಿಜವೇ?
— ಕದ್ರಿ, ಮಂಗಳೂರು

ನಿಮ್ಮ ವಿವರಣೆಗೆ ಹೊಂದುವುದು ಐಪ್ಟೇಸಿಯಾ ಎಂಬ ಚಿಕ್ಕ ಸಮುದ್ರ ಹೂವು, ಅಂದರೆ ಅನಿಮೋನ್ ಜಾತಿ. ಖಚಿತ ಮಾಡಿಕೊಳ್ಳಲು ಲೈಟ್ ಹಾಕಿ ಹತ್ತಿರದಿಂದ ನೋಡಿ. ಉದ್ದ ಕಾಂಡ, ಅರೆಪಾರದರ್ಶಕ ಕಂದು ಮೈ, ತುದಿ ಚೂಪಾದ ಸಪೂರ ಎಳೆಗಳು, ನೆರಳು ಬಿದ್ದೊಡನೆ ಬಿಲದೊಳಗೆ ಸರಕ್ಕನೆ ಎಳೆದುಕೊಳ್ಳುವ ಸ್ವಭಾವ ಇದ್ದರೆ ಅದು ಐಪ್ಟೇಸಿಯಾವೇ. ಎಳೆಗಳು ಗಿಡ್ಡವಾಗಿ, ತುದಿ ಉಬ್ಬಿದ್ದರೆ ಅದು ಮಜಾನೊ. ಮದ್ದು ಎರಡಕ್ಕೂ ಒಂದೇ.

ಕೆರೆದದ್ದರಿಂದಲೇ ಅದು ಹೆಚ್ಚಿದ್ದು. ಐಪ್ಟೇಸಿಯಾ ತನ್ನಷ್ಟಕ್ಕೆ ಇದ್ದಾಗಲೂ ಪಾದದ ಅಂಚಿನಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರುಗಳನ್ನು ಕಲ್ಲಿನ ಮೇಲೆ ಬಿಟ್ಟು ಸರಿಯುತ್ತದೆ. ಕೆಲವೇ ದಿನಗಳಲ್ಲಿ ಪ್ರತಿ ಚೂರಿಗೂ ಬಾಯಿ, ಎಳೆ ಮೂಡಿ ಹೊಸ ಜೀವಿಯಾಗುತ್ತದೆ. ಚಾಕು ಆ ಕೆಲಸವನ್ನೇ ನೂರು ಪಟ್ಟು ಮಾಡಿತು.

ಸುಣ್ಣದ ಮಾತು ನಿಜ. ರೀಫ್ ಟ್ಯಾಂಕಿನವರು ಕಾಲ್ಕ್‌ವಾಸರ್ ಹೆಸರಿನಲ್ಲಿ ಕೊಳ್ಳುವ ಪುಡಿಯೂ ಅರಳಿಸಿದ ಸುಣ್ಣವೂ ಒಂದೇ ವಸ್ತು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ಕ್ಷಾರ ಮೃದು ಮೈಯನ್ನು ಸುಡುತ್ತದೆ. ಆದರೆ ಬಣ್ಣ, ಪರಿಮಳ ಸೇರಿಸಿ ಡಬ್ಬಿಯಲ್ಲಿ ಬರುವ ಎಲೆ ಸುಣ್ಣ ಬೇಡವೇ ಬೇಡ. ಬಿಳಿಯ ಸಾದಾ ಚಿಪ್ಪಿನ ಸುಣ್ಣವಾದರೆ ಬಟ್ಟೆಯಲ್ಲಿ ಸೋಸಿ ಬಳಸಬಹುದು, ಇಲ್ಲದಿದ್ದರೆ ಮರಳಿನ ಕಣ ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿ ಸಿಕ್ಕರೆ ಅದೇ ಉತ್ತಮ.

ಒಂದು ಟೀ ಚಮಚ ಪುಡಿಗೆ ಆರ್‌ಒ ನೀರನ್ನು ಹನಿಹನಿಯಾಗಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. 3 ಮಿಲಿಲೀಟರ್ ಸಿರಿಂಜಿಗೆ 18 ಗೇಜಿನ, ತುದಿ ಮೊಂಡಾದ ಸೂಜಿ ಹಾಕಿ. ಇನ್ಸುಲಿನ್ ಸೂಜಿ ತಕ್ಷಣ ಕಟ್ಟಿಕೊಳ್ಳುತ್ತದೆ. ಕೈಗವಸು, ಕನ್ನಡಕ ಕಡ್ಡಾಯ, ಏಕೆಂದರೆ ಸುಣ್ಣ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಪಂಪು, ವೇವ್‌ಮೇಕರ್ ಎಲ್ಲ ನಿಲ್ಲಿಸಿ, ನೀರು ಪೂರ್ತಿ ನಿಂತ ಮೇಲೆ ಮೇಲಿನಿಂದ ನಿಧಾನವಾಗಿ ಇಳಿಯಿರಿ. ಸೂಜಿ ಎಳೆಗಳಿಗೆ ತಾಗಕೂಡದು, ತಾಗಿದರೆ ಅದು ಒಳಗೆ ಹೋಗಿಬಿಡುತ್ತದೆ. ಬಾಯಿಯ ನೇರಕ್ಕೆ ಅರ್ಧ ಸೆಂಟಿಮೀಟರ್ ಮೇಲಿಂದ ಒಂದು ಹನಿ ಬಿಡಿ. ಅದು ಆಹಾರವೆಂದು ಎಳೆಗಳನ್ನು ಮಡಚಿ ನುಂಗುತ್ತದೆ. ನುಂಗಿದ ಮೇಲೆ ಅದರ ಬಿಲದ ಬಾಯಿ ಮುಚ್ಚುವಷ್ಟು ಸುಣ್ಣ ಮೆತ್ತಿ. 20 ನಿಮಿಷ ಬಿಟ್ಟು, ಉಳಿದ ಬಿಳಿ ಮುದ್ದೆಯನ್ನು ಸಪೂರ ಪೈಪಿನಲ್ಲಿ ಹೀರಿ ತೆಗೆದು ಪಂಪು ಹಾಕಿ. ಸುಣ್ಣ ಪಕ್ಕದ ಹವಳದ ಮೇಲೆ ಹಾರಿ ಕೂತರೆ ಅದೂ ಸುಟ್ಟುಹೋಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ಒಂದೇ ದಿನ ಎಲ್ಲವನ್ನೂ ಮುಗಿಸಲು ಹೊರಟರೆ ಪಿಎಚ್ ಏರಿ ಮೀನು ಏದುಸಿರು ಬಿಡುತ್ತದೆ. 100 ಲೀಟರ್ ನೀರಿಗೆ ದಿನಕ್ಕೆ ಅರ್ಧ ಗ್ರಾಂ ಒಣ ಸುಣ್ಣ ಮೀರಬೇಡಿ. ಅಷ್ಟು ಪೂರ್ತಿ ಕರಗಿದರೂ ಅಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಳತೆ, ಏರುವುದು 0.4 ಡಿಕೆಎಚ್ (ಅದನ್ನು ಅಳೆಯುವ ಮಾನ) ಒಳಗೆ. ನಿಮ್ಮ ಟ್ಯಾಂಕಿಗೆ ದಿನಕ್ಕೆ 1 ಗ್ರಾಂ, ಅಂದರೆ ಸುಮಾರು ಆರೆಂಟು ಐಪ್ಟೇಸಿಯಾ. ದಿನ ಬಿಟ್ಟು ದಿನ ಮಾಡಿ.

ಲಿಂಬೆ ರಸವೂ ನಡೆಯುತ್ತದೆ, ಆದರೆ ಅದನ್ನು ಕಾಂಡಕ್ಕೇ ಚುಚ್ಚಿ ತುಂಬಬೇಕು. ಬಿಲದಲ್ಲಿರುವುದಕ್ಕೆ ಅದು ಸಾಧ್ಯವಿಲ್ಲ.

ಸಂದಿಯಲ್ಲಿ ಉಳಿದ ಮರಿಗಳಿಗೆ ಪೆಪ್ಪರ್‌ಮಿಂಟ್ ಸೀಗಡಿ ಮೂರ್ನಾಲ್ಕು ಬಿಡಿ. ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಕ್ಯಾಮಲ್ ಸೀಗಡಿ ಕೊಟ್ಟುಬಿಡುತ್ತಾರೆ, ಎಚ್ಚರ. ಬೆನ್ನು ಗೂನಾಗಿ, ಕಣ್ಣು ದೊಡ್ಡದಾಗಿ, ಕೆಂಪು ಮೈಮೇಲೆ ಬಿಳಿ ಗೆರೆ, ಚುಕ್ಕೆ ಎದ್ದು ಕಾಣುವುದು ಕ್ಯಾಮಲ್. ಅದು ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳನ್ನೇ ಕೀಳುತ್ತದೆ. ಪೆಪ್ಪರ್‌ಮಿಂಟಿನ ಮೈ ಅರೆಪಾರದರ್ಶಕ, ಅದರ ಮೇಲೆ ಕೆಂಪು ಗೆರೆ. ಬರ್ಘಿಯಾ ಎಂಬ ಕಡಲ ಗೊಂಡೆಹುಳು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಆದರೆ ಅದನ್ನು ಸೀಗಡಿಯೂ ರಾಸ್ ಮೀನೂ ತಿಂದುಬಿಡುತ್ತವೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಹಣ ದಂಡ.

ಐಪ್ಟೇಸಿಯಾ, ಬಟನ್ ಪಾಲಿಪ್ ಎರಡೂ ತುಂಬಿರುವ ದೊಡ್ಡ ಕಲ್ಲೊಂದನ್ನು ಹೊರಗೆ ತೆಗೆದು, ಅಡುಗೆಮನೆಯಲ್ಲಿ ಕುದಿಸಿ, ತೊಳೆದು ಮತ್ತೆ ಹಾಕುವ ಯೋಚನೆ ಇದೆ. ಎಷ್ಟು ಹೊತ್ತು ಕುದಿಸಬೇಕು?
— ಉಳ್ಳಾಲ

ದಯವಿಟ್ಟು ಕುದಿಸಬೇಡಿ. ಬಟನ್ ಪಾಲಿಪ್ ಎಂದು ಮಾರುವ, ಹವಳದ ಬಂಧುಗಳಾದ ಜೋಆಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಕುಲದವುಗಳಲ್ಲಿ, ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಎಲ್ಲದರಲ್ಲೂ ಇರುವುದಿಲ್ಲ, ಆದರೆ ನೋಡಿ ಹೇಳಲು ಬರುವುದಿಲ್ಲ. ಕಲ್ಲು ಕುದಿಸಿದಾಗ ಅದು ಹಬೆಯ ಜೊತೆ ಮನೆಯಿಡೀ ಹರಡುತ್ತದೆ. ಉಸಿರು ಕಟ್ಟುವುದು, ಚಳಿ ಜ್ವರ, ಎದೆ ನೋವು, ಸ್ನಾಯು ಸೆಳೆತ ಬರುತ್ತದೆ. ಇದಕ್ಕೆಂದೇ ಇರುವ ಪ್ರತಿವಿಷ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಮನೆಯೊಂದರಲ್ಲಿ ಟ್ಯಾಂಕ್ ಸ್ವಚ್ಛ ಮಾಡುವಾಗ ಹವಳದಿಂದ ಈ ವಿಷ ಹೊರಬಿದ್ದು, ಮನೆಮಂದಿಯ ಜೊತೆ ನೆರವಿಗೆ ಬಂದವರೂ ಆಸ್ಪತ್ರೆ ಸೇರಿದ್ದರು. ಕುದಿಸುವುದು ಮಾತ್ರವಲ್ಲ, ಒಣಗಿದ ಕಲ್ಲನ್ನು ಬ್ರಷ್‌ನಲ್ಲಿ ಉಜ್ಜುವುದು, ಪ್ರೆಶರ್ ವಾಷರ್ ಹಿಡಿಯುವುದು, ಬಿಸಿ ನೀರು ಸುರಿಯುವುದು ಎಲ್ಲವೂ ಅಪಾಯವೇ.

ಬ್ಲೀಚ್ ದಾರಿ ಇದೆ. ನೈಟ್ರೈಲ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿ. ಕೈಯಲ್ಲಿ ಗಾಯವಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಕಲ್ಲನ್ನು ಟ್ಯಾಂಕಿನ ನೀರಿನ ಸಮೇತ ಮುಚ್ಚಳದ ಬಕೆಟಿಗೆ ಇಳಿಸಿ ಅಂಗಳಕ್ಕೆ ಒಯ್ಯಿರಿ. ಮಕ್ಕಳು, ನಾಯಿ, ಬೆಕ್ಕು ಬಾರದ ಜಾಗವಾಗಲಿ. ಪರಿಮಳ, ಸೋಪು ಸೇರಿಸದ, 4–5 ಶೇಕಡಾದ ಸಾದಾ ಬ್ಲೀಚ್ 1 ಪಾಲು, ನೀರು 10 ಪಾಲು. ಕಲ್ಲು ಪೂರ್ತಿ ಮುಳುಗುವಂತೆ 24 ಗಂಟೆ ಇಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್, ವಿನೆಗರ್ ಯಾವುದನ್ನೂ ಇದಕ್ಕೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬಳಿಕ ಎರಡು ಮೂರು ಸಲ ನೀರು ಬದಲಿಸಿ ನೆನೆಸಿ, ಕೊನೆಯ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಸೊನ್ನೆಯಾದದ್ದನ್ನು ಕಿಟ್‌ನಲ್ಲಿ ನೋಡಿ, ಒಂದು ವಾರ ಬಿಸಿಲಿಗೆ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಇದಾಗುವ ಮಾತಲ್ಲ. ಕಲ್ಲನ್ನು ಬ್ಲೀಚಿನಿಂದ ತೆಗೆದು ಸಾದಾ ನೀರಲ್ಲಿಟ್ಟು, ಬಿಸಿಲು ಬಂದಾಗ ಒಣಗಿಸಿ.

ಇಷ್ಟಾದ ಮೇಲೆ ಆ ಕಲ್ಲು ಸತ್ತ ಕಲ್ಲು. ಒಳಗೆ ಸತ್ತು ಉಳಿದದ್ದು ಕೊಳೆಯುವುದರಿಂದ ಬೇರೆ ಬಕೆಟಿನಲ್ಲಿ ಉಪ್ಪುನೀರು, ಪಂಪು ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬರುವ ತನಕ ಕಾಯಿರಿ. 4ರಿಂದ 6 ವಾರ ಹಿಡಿಯುವುದು ಸಹಜ.

ರಾತ್ರಿ ಟಾರ್ಚ್ ಹಾಕಿದರೆ ಕಲ್ಲಿನ ಸಂದಿಯಿಂದ ಕೆಂಗಂದು ಬಣ್ಣದ, ಎರಡೂ ಬದಿಗೆ ಬಿಳಿ ಮುಳ್ಳಿರುವ ಹುಳುಗಳು ಹೊರಬರುತ್ತವೆ. ಅಂಗಡಿಯವರು ಔಷಧಿ ಹಾಕಿ ಎನ್ನುತ್ತಾರೆ.
— ಸುರತ್ಕಲ್

ಹಾಕಬೇಡಿ. ಇವು ಬ್ರಿಸಲ್ ಹುಳುಗಳು. ಉಳಿದ ಆಹಾರ, ಸತ್ತ ಬಸವನಹುಳು ಎಲ್ಲವನ್ನೂ ತಿಂದು ನೀರು ಕೆಡದಂತೆ ಉಳಿಸುವ ಕೆಲಸದವು. ಸಾಯುತ್ತಿರುವ ಹವಳದ ಮೇಲೆ ಕಂಡಾಗ ಹುಳುವೇ ಕೊಂದಿತು ಎಂದು ತಿಳಿಯುವವರು ಬಹಳ, ಅದು ಬಂದದ್ದು ಹವಳ ಕೊಳೆಯತೊಡಗಿದ ಮೇಲೆ. ಔಷಧಿಗೆ ಎಲ್ಲವೂ ಒಟ್ಟಿಗೆ ಸತ್ತರೆ ಕಲ್ಲಿನೊಳಗೇ ಕೊಳೆತು ಒಂದೇ ರಾತ್ರಿಯಲ್ಲಿ ಅಮೋನಿಯಾ ಏರುತ್ತದೆ. ಸಂಖ್ಯೆ ವಿಪರೀತವಾಗಿದ್ದರೆ ನೀವು ಹಾಕುವ ಆಹಾರ ಹೆಚ್ಚಾಗಿದೆ ಎಂದರ್ಥ, ಕಡಿಮೆ ಮಾಡಿ. ಬೆರಳಿಗೆ ಮುಳ್ಳು ಚುಚ್ಚಿದರೆ ಅಂಟು ಟೇಪ್ ಒತ್ತಿ ಎಳೆಯಿರಿ, ಉಜ್ಜಬೇಡಿ.

ರಾತ್ರಿ ಟ್ಯಾಂಕಿನಿಂದ ಟಕ್ ಟಕ್ ಎಂದು ಗಾಜಿಗೆ ಕಲ್ಲು ಹೊಡೆದ ಸದ್ದು. ಬಸವನಹುಳುಗಳ ಚಿಪ್ಪು ಒಡೆದು ಬಿದ್ದಿರುತ್ತದೆ. ಏನಿರಬಹುದು?
— ಮಣಿಪಾಲ

ಸದ್ದು ಮಾಡುವವು ಎರಡು: ಪಿಸ್ತೂಲು ಸೀಗಡಿ, ಮ್ಯಾಂಟಿಸ್ ಸೀಗಡಿ. ಪಿಸ್ತೂಲು ಸೀಗಡಿ ಒಂದು ದೊಡ್ಡ ಕೊಂಡಿಯನ್ನು ಚಟಕ್ಕನೆ ಮುಚ್ಚಿ ಸದ್ದು ಮಾಡುತ್ತದೆ, ಅದರಿಂದ ಅಂಥ ತೊಂದರೆ ಇಲ್ಲ. ಚಿಪ್ಪು ಒಡೆದು ಬೀಳುತ್ತಿದ್ದರೆ ಅನುಮಾನ ಮ್ಯಾಂಟಿಸ್ ಮೇಲೆಯೇ. ಚಿಪ್ಪಿನ ಅಂಚು ಚೂರುಚೂರಾಗಿದೆಯೇ ನೋಡಿ, ಗದೆಯಂಥ ಕಾಲಿನಿಂದ ಬಡಿಯುವ ಜಾತಿಯ ಗುರುತು ಅದು. ಕೈ ಹಾಕಿ ಹಿಡಿಯಲು ಹೋಗಬೇಡಿ, ಬೆರಳು ಸೀಳಿಬಿಡುತ್ತದೆ.

ಕೆಂಪು ಬೆಳಕಿನ ಟಾರ್ಚ್ ಹಿಡಿದು ಯಾವ ಬಿಲದಿಂದ ಕಣ್ಣು ಹೊರಗೆ ಕಾಣುತ್ತದೆ ಎಂದು ಪತ್ತೆ ಮಾಡಿ, ಏಕೆಂದರೆ ಬಿಳಿ ಬೆಳಕಿಗೆ ಅದು ಒಳಸರಿಯುತ್ತದೆ. ಬಿಲ ಗೊತ್ತಾದರೆ ಆ ಕಲ್ಲೊಂದನ್ನೇ ಎತ್ತಿ ಖಾಲಿ ಟ್ರೇಯಲ್ಲಿಟ್ಟು, ಸಕ್ಕರೆ, ಲಿಂಬೆ, ಉಪ್ಪು ಯಾವುದೂ ಸೇರದ ಸಾದಾ ಸೋಡಾವನ್ನು ಸಿರಿಂಜಿನಿಂದ ಬಿಲದೊಳಗೆ ಬಿಡಿ. ಅದರಲ್ಲಿನ ಇಂಗಾಲದ ಡೈಆಕ್ಸೈಡ್‌ಗೆ ಮ್ಯಾಂಟಿಸ್ ಹೊರಬರುತ್ತದೆ. ಇದನ್ನು ಟ್ಯಾಂಕಿನೊಳಗೆ ಮಾಡಕೂಡದು. ಮುಗಿದ ಮೇಲೆ ಕಲ್ಲನ್ನು ಟ್ಯಾಂಕಿನ ನೀರಲ್ಲೇ ತೊಳೆದು ಹಿಂದಕ್ಕಿಡಿ.

ಬಿಲ ಗೊತ್ತಾಗದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಒಳಗೆ ತೂರಿಸಿ, ಸೀಗಡಿ ತುಂಡು ಹಾಕಿ ಲೈಟ್ ಆರುವ ಹೊತ್ತಿಗೆ ತಳದಲ್ಲಿಡಿ. ಏಡಿಗಳೂ ಇದಕ್ಕೆ ಬೀಳುತ್ತವೆ. ಹೊಸ ಕಲ್ಲಿನಿಂದ ಏಡಿ ಓಡಿಸಲು ಇನ್ನೊಂದು ಉಪಾಯ: 10 ಲೀಟರ್ ಟ್ಯಾಂಕ್ ನೀರಿಗೆ ಸುಮಾರು 120 ಗ್ರಾಂ ಮರೈನ್ ಸಾಲ್ಟ್ ಕರಗಿಸಿದರೆ ಸಾಂದ್ರತೆ 1.026ರಿಂದ 1.035ರ ಆಸುಪಾಸಿಗೆ ಏರುತ್ತದೆ. ಕಲ್ಲನ್ನು ಒಂದೆರಡು ನಿಮಿಷ ಮುಳುಗಿಸಿ ಅಲ್ಲಾಡಿಸಿ, ಅಡಗಿದ್ದವು ಹೊರಗೆ ಓಡುತ್ತವೆ.

ಹಿಡಿದದ್ದನ್ನು ಕೊಲ್ಲಲೇಬೇಕೆಂದಿಲ್ಲ. ಚಿಕ್ಕ ಬೇರೆ ಟ್ಯಾಂಕಿನಲ್ಲಿ ಅದೇ ನೋಡುವಂಥ ಜೀವಿ.

ಗಾಜಿನ ಮೇಲೆ, ಹವಳದ ಮೇಲೆ ತುಕ್ಕಿನ ಬಣ್ಣದ ಚಪ್ಪಟೆ ಹುಳುಗಳು ಸಾವಿರಾರು. ಪಶು ಔಷಧಿ ಅಂಗಡಿಯಲ್ಲಿ ಸಿಗುವ ಫೆನ್‌ಬೆಂಡಜೋಲ್ ಹಾಕಬಹುದೇ?
— ಕಾಪು

ಫೆನ್‌ಬೆಂಡಜೋಲ್ ಬೇಡ. ಬಸವನಹುಳುಗಳಿಗೆ, ಝೀನಿಯಾ, ಸ್ಟಾರ್ ಪಾಲಿಪ್ ಎಂಬ ಮೃದು ಹವಳಗಳಿಗೆ ಅದು ಮಾರಕ. ಕಲ್ಲಿನಲ್ಲಿ ಇಂಗಿ ತಿಂಗಳುಗಟ್ಟಲೆ ಉಳಿದು, ಆಮೇಲೆ ಬಿಟ್ಟ ಬಸವನಹುಳುಗಳನ್ನೂ ಕೊಲ್ಲುತ್ತದೆ.

ನೀವು ಹೇಳುವುದು ಕೆಂಪು ಪ್ಲನೇರಿಯಾ. ಉದ್ದ ಹೆಚ್ಚೆಂದರೆ 5 ಮಿಲಿಮೀಟರ್, ಬಾಲದ ಕಡೆ ಕವಲು. ಇವು ಹವಳ ತಿನ್ನುವುದಿಲ್ಲ, ಮೇಲೆ ಹರಡಿ ಬೆಳಕು ತಡೆಯುತ್ತವೆ. ಅಪಾಯ ಇರುವುದು ಸಾಯುವಾಗ: ಅವುಗಳ ಮೈಯಲ್ಲಿರುವ ವಿಷ ಒಮ್ಮೆಗೇ ನೀರಿಗೆ ಬಂದರೆ ಮೀನು ಸಾಯುತ್ತದೆ. ಆದ್ದರಿಂದ ಮದ್ದಿಗಿಂತ ಮೊದಲು ಸಂಖ್ಯೆ ಇಳಿಸಬೇಕು. ಒಂದು ವಾರ ಪ್ರತಿದಿನ 4–6 ಮಿಲಿಮೀಟರಿನ ಏರ್ ಪೈಪಿನಿಂದ ಹುಳುಗಳನ್ನು ಹೀರಿ, ಆ ನೀರನ್ನು ಸಂಪಿನ (ಟ್ಯಾಂಕಿನ ಜೊತೆಗಿರುವ ಫಿಲ್ಟರ್ ತೊಟ್ಟಿಯ) ಫಿಲ್ಟರ್ ಸಾಕ್ಸ್‌ಗೆ ಬಿಡಿ, ಸಾಕ್ಸನ್ನು ಕೂಡಲೇ ಬಿಸಿ ನೀರಿನಲ್ಲಿ ತೊಳೆಯಿರಿ. ಆಹಾರ ಅರ್ಧಕ್ಕಿಳಿಸಿ, ನೀರಿನ ಹರಿವು ಹೆಚ್ಚಿಸಿ. ಗಾಜು ಬಹುಪಾಲು ಖಾಲಿಯಾದ ಮೇಲೆ ಚಪ್ಪಟೆ ಹುಳುವಿಗೆಂದೇ ಇರುವ ಫ್ಲಾಟ್‌ವರ್ಮ್ ಎಕ್ಸಿಟ್‌ನಂಥ ಮದ್ದನ್ನು ಲೇಬಲ್ ಹೇಳಿದಷ್ಟೇ ಹಾಕಿ. ಕಲ್ಲು, ಮರಳು ಕಳೆದು ಉಳಿಯುವ ನಿಜವಾದ ನೀರಿನ ಪ್ರಮಾಣ ಲೆಕ್ಕ ಹಾಕಿಕೊಳ್ಳಿ. 30 ಶೇಕಡಾ ಬದಲಿ ನೀರು, ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಎರಡೂ ಮದ್ದು ಹಾಕುವ ಮುನ್ನವೇ ಪಕ್ಕದಲ್ಲಿ ತಯಾರಿರಬೇಕು. ಸತ್ತು ತೇಲುವುದನ್ನು ಹೀರುತ್ತಲೇ ಇರಿ. ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದರೆ ಕಾಯದೆ ನೀರು ಬದಲಿಸಿ, ಕಾರ್ಬನ್ ಹಾಕಿ. ಉಳಿದವು ಮತ್ತೆ ಬೆಳೆಯುತ್ತವೆ, ಒಂದು ವಾರದ ಬಳಿಕ ಇನ್ನೊಮ್ಮೆ.

ಮುಂದಕ್ಕೆ ಸಿಕ್ಸ್‌ಲೈನ್ ಅಥವಾ ಹಳದಿ ಕೋರಿಸ್ ರಾಸ್ ಮೀನು ಒಂದನ್ನು ಬಿಡಬಹುದು. ಜಿಗಿಯುವ ಮೀನು, ಟ್ಯಾಂಕಿಗೆ ಬಲೆ ಮುಚ್ಚಳ ಬೇಕು.

ಹೊಸ ಅಕ್ರೊಪೊರಾ ಹವಳವನ್ನು ಡಿಪ್ ಮಾಡಿಯೇ, ಅಂದರೆ ಮದ್ದಿನ ದ್ರಾವಣದಲ್ಲಿ ಅದ್ದಿಯೇ, ಟ್ಯಾಂಕಿಗೆ ಬಿಟ್ಟಿದ್ದೆವು. ಆದರೂ ತಿಂಗಳ ಬಳಿಕ ಕೊಂಬೆಗಳ ಮೇಲೆ ದುಂಡನೆಯ ಬಿಳಿಚಿದ ಕಲೆ, ಬುಡದಲ್ಲಿ ಕಂದು ಮೊಟ್ಟೆಗಳು.
— ಬಿಜೈ, ಮಂಗಳೂರು

ಅಕ್ರೊಪೊರಾ ತಿನ್ನುವ ಚಪ್ಪಟೆ ಹುಳು. ಡಿಪ್ ದ್ರಾವಣ ಹುಳುವನ್ನು ಉದುರಿಸುತ್ತದೆ, ಮೊಟ್ಟೆಯೊಳಗೆ ಇಳಿಯುವುದಿಲ್ಲ. ಒಂದೇ ಡಿಪ್ ಸಾಕೆಂದು ಬಿಟ್ಟಲ್ಲೇ ಎಡವಟ್ಟಾಗಿದೆ.

ಈಗ ಟ್ಯಾಂಕಿನ ಎಲ್ಲ ಅಕ್ರೊಪೊರಾಗಳನ್ನೂ 30–40 ಲೀಟರಿನ, ಮರಳಿಲ್ಲದ ಬೇರೆ ಟ್ಯಾಂಕಿಗೆ ಸರಿಸಿ. ಮೊಟ್ಟೆ ಇರುವ ಸತ್ತ ಬುಡವನ್ನು ಬೋನ್ ಕಟರ್‌ನಲ್ಲಿ ಕತ್ತರಿಸಿ ಎಸೆಯಿರಿ, ಹವಳ ಅಂಟಿಸಿದ ಪುಟ್ಟ ಬಿಲ್ಲೆ (ಪ್ಲಗ್) ಕೂಡ. ಉಳಿದ ಮೊಟ್ಟೆಗಳನ್ನು ಭೂತಗನ್ನಡಿ ಹಿಡಿದು ಬ್ಲೇಡಿನ ತುದಿಯಿಂದ ಕೆರೆಯಿರಿ. ಡಿಪ್ ಮಾಡುವಾಗ ತಳ ಬಿಳಿಯಾದ ಟಬ್ ಇರಲಿ. ಹುಳು ಹವಳದ ಬಣ್ಣವನ್ನೇ ಹೊತ್ತಿರುವುದರಿಂದ ಕೊಂಬೆಯ ಮೇಲೆ ಕಾಣುವುದಿಲ್ಲ, ಬಿಳಿ ತಳಕ್ಕೆ ಬಿದ್ದಾಗ ಅಂಡಾಕಾರದ ತುಣುಕಾಗಿ ಕಾಣುತ್ತದೆ. ಲೇಬಲ್ಲಿನ ಹೊತ್ತು ಮುಗಿಯುವ ತನಕ ಪಿಪೆಟ್‌ನಿಂದ ಪ್ರತಿ ಕೊಂಬೆಗೂ ನೀರು ಜೋರಾಗಿ ಊದಿ, ಆಮೇಲೆ ಬೇರೆ ಬಕೆಟಿನ ಉಪ್ಪುನೀರಲ್ಲಿ ತೊಳೆಯಿರಿ. 5–7 ದಿನಕ್ಕೊಮ್ಮೆ ಹೀಗೆ, ಒಟ್ಟು 6 ವಾರ. ಆ 6 ವಾರ ದೊಡ್ಡ ಟ್ಯಾಂಕಿನಲ್ಲಿ ಅಕ್ರೊಪೊರಾ ಒಂದು ತುಂಡೂ ಇರಬಾರದು. ತಿನ್ನಲು ಬೇರೇನೂ ಇಲ್ಲದೆ ಅಲ್ಲಿ ಉಳಿದ ಹುಳುಗಳೂ ಸಾಯುತ್ತವೆ. ಏಪ್ರಿಲ್, ಮೇ ಸೆಖೆಯಲ್ಲಿ ಚಿಕ್ಕ ಟ್ಯಾಂಕಿನ ನೀರು ಬೇಗ 30 ಡಿಗ್ರಿ ದಾಟುತ್ತದೆ, ಮೇಲೆ ಫ್ಯಾನ್ ಕಟ್ಟಿ, ಆರಿದಷ್ಟು ಆರ್‌ಒ ನೀರು ದಿನಕ್ಕೆರಡು ಸಲ ತುಂಬಿಸಿ.

ಕಲ್ಲಿನ ಮೇಲೆ ಹಕ್ಕಿಗರಿಯಂತೆ ಹಸಿರು ಪಾಚಿ. ಮೆಡಿಕಲ್‌ನಲ್ಲಿ ಸಿಗುವ ಫ್ಲುಕೊನಜೋಲ್ ಮಾತ್ರೆ ಕೆಲಸ ಮಾಡುತ್ತದಂತೆ?
— ಕುಂದಾಪುರ

ಗರಿಯಂತಿದ್ದರೆ ಅದು ಬ್ರಯಾಪ್ಸಿಸ್, ಹೌದು, ಕೆಲಸ ಮಾಡುತ್ತದೆ. ಲೀಟರಿಗೆ 5 ಮಿಲಿಗ್ರಾಂ ರೂಢಿಯ ಪ್ರಮಾಣ. 150 ಲೀಟರ್ ನೀರಿಗೆ 750 ಮಿಲಿಗ್ರಾಂ, ಅಂದರೆ 150ರ ಐದು ಮಾತ್ರೆ. ಚೀಟಿ ಬೇಕಾದ ಔಷಧಿ ಇದು, ಚೀಟಿ ಪಡೆದೇ ಕೊಳ್ಳಿ. ಪುಡಿ ಮಾಡಿ ಟ್ಯಾಂಕ್ ನೀರಲ್ಲಿ ಕಲಕಿ ಹರಿವಿಗೆ ಸುರಿಯಿರಿ. ಕಾರ್ಬನ್ ತೆಗೆಯಿರಿ, ಯುವಿ ದೀಪ ಆರಿಸಿ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಿದರೆ ಏರ್ ಸ್ಟೋನ್ ಹಾಕಿ. ಮೊದಲ ವಾರ ಏನೂ ಆಗದಂತೆ ಕಾಣುತ್ತದೆ, ಮತ್ತೆ ಮದ್ದು ಸುರಿಯಬೇಡಿ. 14ರಿಂದ 21 ದಿನದಲ್ಲಿ ಬಿಳಿಚಿ ಉದುರುತ್ತದೆ. ಬಳಿಕ 30 ಶೇಕಡಾ ನೀರು ಬದಲಿಸಿ ಕಾರ್ಬನ್ ಹಾಕಿ. ಗರಿಯಲ್ಲದೆ ಕೂದಲಿನಂತೆ ಉದ್ದಕ್ಕೆ ಇಳಿಬಿದ್ದ ಪಾಚಿಯಾದರೆ ಮಾತ್ರೆ ನಂಬಬೇಡಿ, ನೈಟ್ರೇಟ್, ಫಾಸ್ಫೇಟ್ ಅಳೆಯಿರಿ.

ಮಲ್ಪೆಯಿಂದ ಕಡಲ ನೀರು, ಸೇಂಟ್ ಮೇರೀಸ್ ದ್ವೀಪದಿಂದ ಒಂದೆರಡು ಕಲ್ಲು ತಂದು ಟ್ಯಾಂಕಿಗೆ ಹಾಕಿದರೆ ಉಪ್ಪಿನ ಖರ್ಚು ಉಳಿಯುತ್ತದಲ್ಲ? ಪೀಡೆ ಬರುತ್ತದೆಯೇ?
— ಕಲ್ಯಾಣಪುರ, ಉಡುಪಿ

ಕಲ್ಲು ಖಂಡಿತ ತರಬೇಡಿ. ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿಗೆ ಹವಳ ಅಂಟಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. ಅಂಗಡಿಯಲ್ಲಿ ಕಲ್ಲುಹವಳ ಕೊಳ್ಳುವಾಗಲೂ ಆಮದಿನ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದದ ಪ್ರತಿ ಕೇಳಿ ಪಡೆಯಿರಿ. ಪೀಡೆಯ ದೃಷ್ಟಿಯಿಂದಲೂ ಏಡಿ, ಮ್ಯಾಂಟಿಸ್, ಹುಳು ಬಹುಪಾಲು ಬರುವುದು ಕಲ್ಲಿನ ಬಿಲಗಳಲ್ಲೇ.

ನೀರು ಬಳಸಬಹುದು, ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳ ಕೆಂಪು ನೀರು ಕರಾವಳಿಯುದ್ದಕ್ಕೂ ಹರಡಿ ಉಪ್ಪಿನಂಶ ಬಹಳ ಇಳಿದಿರುತ್ತದೆ, ಜೊತೆಗೆ ಗೊಬ್ಬರದ ನೈಟ್ರೇಟ್. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳದ್ದೂ ಇದೇ ಕಥೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಭರತ ಏರುವ ಹೊತ್ತಿಗೆ, ಬಂದರು ಮತ್ತು ಅಳಿವೆಯಿಂದ ದೂರ ಹೋಗಿ ತುಂಬಿಸಿ. ಬಂದರಿನ ಒಳಗಿನ ನೀರಿನಲ್ಲಿ ಡೀಸೆಲ್ ಪದರ ಇರುತ್ತದೆ.

ಮನೆಗೆ ತಂದು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. 100 ಲೀಟರಿಗೆ 5 ಶೇಕಡಾದ ಸಾದಾ ಬ್ಲೀಚ್ 20 ಮಿಲಿಲೀಟರ್ ಹಾಕಿದರೆ ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ, ಮರಿ ಏಡಿ, ಲಾರ್ವಾ, ಪಾಚಿಯ ಬೀಜಕಣ ಉಳಿಯುವುದು ಕಷ್ಟ. ಬ್ಲೀಚ್ ಹಳೆಯದಾದರೆ ಶಕ್ತಿ ಕುಂದಿರುತ್ತದೆ, ತಯಾರಿಕೆಯ ದಿನಾಂಕ ನೋಡಿ. 24 ಗಂಟೆ ಜೋರಾಗಿ ಗಾಳಿ ಆಡಿಸಿ, ಕಿಟ್‌ನಲ್ಲಿ ಉಳಿದ ಕ್ಲೋರಿನ್ ಅಳೆದು, ಪ್ರತಿ 1 ಮಿಲಿಗ್ರಾಂ ಕ್ಲೋರಿನ್‌ಗೆ 7 ಮಿಲಿಗ್ರಾಂ ಥಯೋಸಲ್ಫೇಟ್ ಹರಳು ಸೇರಿಸಿ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಸೊನ್ನೆ ಬಂದರೆ ಮಾತ್ರ ಮುಂದೆ. ಕೊನೆಗೆ ರಿಫ್ರಾಕ್ಟೋಮೀಟರಿನಲ್ಲಿ ಉಪ್ಪು ನೋಡಿ, 35 ಪಿಪಿಟಿಗಿಂತ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು) ಕಡಿಮೆ ಇದ್ದರೆ ಮರೈನ್ ಸಾಲ್ಟ್ ಸೇರಿಸಿ ಸರಿ ಮಾಡಿ. ಪ್ರತಿ ಕ್ಯಾನಿನ ನೀರೂ ಬೇರೆ ಇರುತ್ತದೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ.